ಮರುವಾಯಿ ಕುದಿಸಿದರೆ ಸಾಕೇ?



ಮರುವಾಯಿ ಎನ್ನಿ, ತಿಸ್ರೆ ಎನ್ನಿ, ಕುಮಟೆ ಕಡೆಯವರಂತೆ ಬಳಚು ಎನ್ನಿ, ಅದರ ಸುಕ್ಕದ ಹೆಸರೆತ್ತಿದರೆ ಕರಾವಳಿಯ ನಮಗೆ ಬಾಯಲ್ಲಿ ನೀರು. ಮೊನ್ನೆ ಬಸುರಿಯಾದ ನಾದಿನಿಯ ಮಗಳು ಅದನ್ನೇ ಬಯಸಿದಳು. ತಂದುಕೊಟ್ಟವನು, ದೋಣಿಗಳಿಗೆ ಬಣ್ಣ ಬಳಿಯುವ ಕಟ್ಟೆಯ ಪಕ್ಕದಲ್ಲಿ ಆಯ್ದದ್ದು ಅಂದ. "ಉಪ್ಪುನೀರಲ್ಲಿ ನೆನೆಸಿ ಚೆನ್ನಾಗಿ ಕುದಿಸಿದರೆ ಎಲ್ಲಾ ಹೋಗುತ್ತೆ" ಅಂದೆ. ಪ್ರಯೋಗಾಲಯದಲ್ಲಿ ಕೆಲಸ ಮಾಡುವ ನನ್ನ ತಂಗಿಯ ಮಗಳು ಅಲ್ಲೇ ಕೂತಿದ್ದಳು. "ಮರಳು ಹೋಗುತ್ತೆ ದೊಡ್ಡಮ್ಮ, ಸೀಸ ಹೋಗೋಲ್ಲ" ಅಂದಳು.

ಇಪ್ಪತ್ತೈದು ವರ್ಷ ಸೌಟು ಹಿಡಿದವಳಿಗೆ ಸಿಟ್ಟು ಬಾರದಿರುತ್ತದೆಯೇ? ಆದರೂ ಕೇಳಿದೆ.

ಮರುವಾಯಿ ನೀರನ್ನು ಸೋಸಿ ಹೊಟ್ಟೆ ಹೊರೆಯುವ ಜೀವ. ನೀರಿನಲ್ಲಿರುವ ಸೀಸ, ಕ್ಯಾಡ್ಮಿಯಂ ಅದರ ಮಾಂಸದಲ್ಲೇ ಸೇರಿಕೊಳ್ಳುತ್ತವೆ. ನೋಡಿದರೆ ತಿಳಿಯದು, ಮೂಸಿದರೂ ತಿಳಿಯದು. ಕ್ಯಾಡ್ಮಿಯಂಗೆ ಅಂತರರಾಷ್ಟ್ರೀಯ ಕೋಡೆಕ್ಸ್ ಆಯೋಗದ ಮಿತಿ ಕಿಲೋ ಮಾಂಸಕ್ಕೆ 2 ಮಿಲಿಗ್ರಾಂ. ಒಂದು ಅಕ್ಕಿಕಾಳೇ ಸುಮಾರು 20 ಮಿಲಿಗ್ರಾಂ ತೂಗುತ್ತದಂತೆ, ಲೆಕ್ಕ ಹಾಕಿ!

ಇಷ್ಟು ಚೂರನ್ನು ಹುಡುಕುವುದು ಹೇಗೆ? ಮೊದಲು ಪಾತ್ರೆಯ ಮಡಿ. ನೀರು ಬೆರೆಸಿದ ನೈಟ್ರಿಕ್ ಆಮ್ಲದಲ್ಲಿ ರಾತ್ರಿಯಿಡೀ ನೆನೆಸಿ ತೊಳೆಯುತ್ತಾರೆ. (ನಮ್ಮತ್ತೆಯ ಮಡಿ ಇದರ ಮುಂದೆ ಏನೂ ಅಲ್ಲ.) ಮಾಂಸವನ್ನು ಬಿಡಿಸಿ, ಒಣಗಿಸಿ, ಪುಡಿಮಾಡಿ, ತೂಗಿ, ಗಟ್ಟಿ ಆಮ್ಲದಲ್ಲಿ ಕಾಯಿಸಿದರೆ ಕರಗಿ ತಿಳಿನೀರಾಗುತ್ತದೆ. ಲೋಹ ಮಾತ್ರ ಅದರಲ್ಲೇ ಉಳಿಯುತ್ತದೆ. ಆಮ್ಲದಲ್ಲಿ ಕುದಿಸಿದರೂ ಹೋಗದ್ದು ನನ್ನ ಮಣ್ಣಿನ ಗಡಿಗೆಯಲ್ಲಿ ಹೋದೀತೇ?

ಲೋಹ ತೀರಾ ಕಡಿಮೆಯಿದ್ದು ಸಮುದ್ರದ ಉಪ್ಪು ಅಡ್ಡ ಬಂದರೆ, ಲೋಹವನ್ನು ಹಿಡಿದುಕೊಳ್ಳುವ ರಾಸಾಯನಿಕವೊಂದನ್ನು ಹಾಕಿ, ಎಂಐಬಿಕೆ ಎಂಬ ದ್ರವ ಸೇರಿಸಿ ಕುಲುಕುತ್ತಾರೆ. ಮಜ್ಜಿಗೆಯ ಮೇಲೆ ಬೆಣ್ಣೆ ತೇಲಿದಂತೆ ಆ ದ್ರವ ಲೋಹವನ್ನು ಹೊತ್ತು ಮೇಲೆ ನಿಲ್ಲುತ್ತದೆ, ಉಪ್ಪು ಕೆಳಗಿನ ನೀರಲ್ಲೇ ಉಳಿಯುತ್ತದೆ. ಮೇಲಿನದನ್ನು ತೆಗೆದು ಯಂತ್ರದ ಉರಿಗೆ ಬಿಡುತ್ತಾರೆ. ಒಂದೊಂದು ಲೋಹಕ್ಕೂ ಬೇರೆ ದೀಪ. ಆ ದೀಪದ ಬೆಳಕನ್ನು ಲೋಹ ಎಷ್ಟು ನುಂಗಿತೋ ಅದರಿಂದ ಲೆಕ್ಕ. ಮಾಂಸವಿಲ್ಲದ ಬರೀ ಆಮ್ಲವನ್ನೂ ಹೀಗೇ ಅಳೆದು, ಅದರಲ್ಲಿ ಕಂಡದ್ದನ್ನು ಕಳೆಯುತ್ತಾರೆ.

ಇಷ್ಟೆಲ್ಲ ಯಾಕೆ ಅಂತೀರಾ? ಜಪಾನಿನ ಮಿನಮಾಟದಲ್ಲಿ ಕಾರ್ಖಾನೆಯ ಪಾದರಸ ಕೊಲ್ಲಿಯ ಮೀನು, ಚಿಪ್ಪುಗಳಿಗೆ ಸೇರಿ, 1956ರಲ್ಲಿ ರೋಗ ಬೆಳಕಿಗೆ ಬಂತು. ಅವನ್ನು ತಿಂದ ಬಸುರಿಯರಲ್ಲಿ ಕೆಲವರು ತಾವು ಹೆಚ್ಚು ನರಳಲಿಲ್ಲ, ಹುಟ್ಟಿದ ಕೂಸುಗಳು ನರಳಿದವು.

ಈಗ ನಾನು ಮರುವಾಯಿಯ ಬೆಲೆಗಿಂತ ಮೊದಲು ಆಯ್ದ ಜಾಗ ಕೇಳುತ್ತೇನೆ. ಚರಂಡಿ, ಕಾರ್ಖಾನೆ, ದೋಣಿಕಟ್ಟೆಯ ಬಳಿಯದಾದರೆ ಬೇಡವೇ ಬೇಡ. ಅಂದು ನಾದಿನಿಯ ಮಗಳಿಗೆ ಬಂಗುಡೆ ಪುಳಿಮುಂಚಿ ಮಾಡಿದೆ. ಮುಖ ಊದಿಸಿಕೊಂಡೇ ಎರಡು ತುಂಡು ತಿಂದಳು.