ನಾಯಿಗೆ ಬೇಕಾದುದು ನೆಲ, ಮಾರುತ್ತಿರುವುದು ಎತ್ತರ

ಶನಿವಾರದ ಬೆಳಿಗ್ಗೆ ಕೊಟ್ಟಿಗೆಹಾರದಲ್ಲಿ ನೀರುದೋಸೆಗಾಗಿ ನಿಲ್ಲುವ ವಾಹನಗಳ ಸಾಲನ್ನು ಒಮ್ಮೆ ಗಮನಿಸಬೇಕು. ಚಾರ್ಮಾಡಿ ಘಾಟಿ ಇಳಿಯುವ ಮುನ್ನ ದಣಿವಾರಿಸಿಕೊಳ್ಳುವ ಆಳೆತ್ತರದ ಕಾರುಗಳು. ಅವುಗಳಲ್ಲಿ ಒಂದೆರಡರ ಹಿಂಬದಿಯ ಗಾಜಿಗೆ ಮೂಗೊತ್ತಿ, ನಾಲಿಗೆ ಇಳಿಬಿಟ್ಟು ಏದುಸಿರು ಬಿಡುತ್ತಿರುವ ಒಂದು ಲ್ಯಾಬ್ರಡಾರ್ ಅಥವಾ ಜರ್ಮನ್ ಶೆಫರ್ಡ್. ಗಾಜು ಎರಡು ಬೆರಳಿನಷ್ಟು ಇಳಿದಿರುತ್ತದೆ. ಯಜಮಾನರು ಒಳಗೆ ಎರಡನೆಯ ದೋಸೆಗೆ ಚಟ್ನಿ ಹಾಕಿಸಿಕೊಳ್ಳುತ್ತಿರುತ್ತಾರೆ. ಇಷ್ಟು ದೊಡ್ಡ ಗಾಡಿ ಏಕೆಂದು ಯಾರಾದರೂ ಕೇಳಿದರೆ ಉತ್ತರ ಸಿದ್ಧವಾಗಿದೆ: ‘ದೊಡ್ಡ ನಾಯಿ ಸಾಕಿದ್ದೇವಲ್ಲ, ಅದಕ್ಕೇ.’

ಈ ಉತ್ತರ ಸುಳ್ಳು. ಹೇಳುವವರು ಸುಳ್ಳರಲ್ಲ, ನಾಯಿಯ ಮೇಲಿನ ಅವರ ಪ್ರೀತಿಯೂ ಸುಳ್ಳಲ್ಲ. ಆ ಪ್ರೀತಿಯ ಕೊರಳಿಗೆ ಹಗ್ಗ ಕಟ್ಟಿ ಮಾರಾಟ ಮಳಿಗೆಯವರೆಗೆ ಎಳೆದೊಯ್ದ ಜಾಹೀರಾತು ಸುಳ್ಳು. ಅದರ ಬೆನ್ನಿಗೆ ನಿಂತಿರುವ ತೆರಿಗೆಯ ನಿಯಮವಂತೂ ಇಪ್ಪತ್ತು ವರ್ಷಗಳಿಂದ ನಾಯಿಯ ಜಾಗವನ್ನು ಕತ್ತರಿಸುತ್ತಲೇ ಬಂದಿದೆ.

ಪಟ್ಟಣದವರನ್ನು ಮಾತ್ರ ದೂರಿ ಸುಮ್ಮನಾಗುವುದು ಮಲೆನಾಡಿಗರ ಹಳೆಯ ಚಾಳಿ. ಅಡಿಕೆಯ ಧಾರಣೆ ಏರಿದ ವರ್ಷಗಳಲ್ಲಿ ಇಲ್ಲಿನ ಅಂಗಳಗಳಿಗೂ ಇದೇ ಗಾಡಿಗಳು ಬಂದು ನಿಂತವು. ಚಿರತೆಯ ಭಯವಿರುವ ಒಂಟಿಮನೆಗಳಲ್ಲಿ ದೊಡ್ಡ ನಾಯಿ ಶೋಕಿಯಲ್ಲ, ಕಾವಲು. ಅದರ ಕಾಲು ಮುರಿದರೆ, ಹೆರಿಗೆ ಕಷ್ಟವಾದರೆ ತಾಲ್ಲೂಕು ಕೇಂದ್ರದ ಪಶು ಆಸ್ಪತ್ರೆಗೋ, ಇನ್ನೂ ದೂರದ ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯಕ್ಕೋ ಒಯ್ಯಲೇಬೇಕು. ಬಸ್ಸಿನಲ್ಲಿ ನಲವತ್ತು ಕೆ.ಜಿ. ತೂಗುವ ನಾಯಿಗೆ ಎಡೆಯಿಲ್ಲ. ಆದುದರಿಂದ ನಾಯಿಯೊಡನೆ ಪಯಣಿಸಲು ಎಂಥ ಕಾರು ತಕ್ಕುದು ಎಂಬ ಪ್ರಶ್ನೆಯನ್ನು ಸಿರಿವಂತರ ಚಪಲವೆಂದು ತಳ್ಳಿಹಾಕುವಂತಿಲ್ಲ.

ಮೊದಲು ನಾಯಿಯನ್ನು ಅಳೆಯಬೇಕು. ಕಾರನ್ನು ಅಳೆಯುವ ಕೆಲಸ ಅನಂತರದ್ದು. ಪ್ರೌಢ ಗಂಡು ಲ್ಯಾಬ್ರಡಾರ್ ಭುಜದ ಬಳಿ 56–57 ಸೆಂ.ಮೀ., ಜರ್ಮನ್ ಶೆಫರ್ಡ್ 60–65 ಸೆಂ.ಮೀ. ಎತ್ತರವಿರುತ್ತದೆ. ನಮ್ಮದೇ ನಾಡಿನ ಮುಧೋಳ ನಾಯಿ ಅದಕ್ಕಿಂತಲೂ ಎತ್ತರ, ಆದರೆ ಮೈ ಸಣಕಲು. ವಿಮಾನದಲ್ಲಿ ನಾಯಿ ಸಾಗಿಸುವವರು ಪಂಜರಕ್ಕೆ ಬಳಸುವ ಲೆಕ್ಕವೊಂದಿದೆ. ಮೂಗಿನಿಂದ ಬಾಲದ ಬುಡದವರೆಗಿನ ಉದ್ದ, ಅದಕ್ಕೆ ಮುಂಗಾಲಿನ ಮೊಣಕೈವರೆಗಿನ ಎತ್ತರದ ಅರ್ಧವನ್ನು ಕೂಡಿಸಿದರೆ ಬರುವುದೇ ನೆಲದ ಕನಿಷ್ಠ ಉದ್ದ. ಲ್ಯಾಬ್ರಡಾರಿಗಾಗಿ ಅಂಗಡಿಗಳಲ್ಲಿ ಸಾಮಾನ್ಯವಾಗಿ ಕೊಡುವ ಕಬ್ಬಿಣದ ಪಂಜರ 42 ಅಂಗುಲ, ಅಂದರೆ 106 ಸೆಂ.ಮೀ. ಉದ್ದವಿರುತ್ತದೆ. ನಾಲ್ಕು ಮೀಟರಿನೊಳಗಿನ ಎತ್ತರದ ಕಾರುಗಳ ಡಿಕ್ಕಿಯಲ್ಲಿ, ಹಿಂದಿನ ಆಸನವನ್ನು ಮಡಚದೆ, ಮುಕ್ಕಾಲು ಮೀಟರ್ ನೆಲ ಸಿಕ್ಕರೆ ಹೆಚ್ಚು. ಉಳಿದ ನಾಯಿಯನ್ನು ಎಲ್ಲಿಡುವುದು?

ಮಾರಾಟಗಾರ ಇದಕ್ಕೆ ಲೀಟರಿನಲ್ಲಿ ಉತ್ತರಿಸುತ್ತಾನೆ. ಡಿಕ್ಕಿ ಮುನ್ನೂರೈವತ್ತು ಲೀಟರ್, ನಾನೂರು ಲೀಟರ್! ನಾಯಿಯೇನು ಹಾಲೇ, ಕ್ಯಾನಿಗೆ ಸುರಿದು ಮುಚ್ಚಳ ಹಾಕಲು? ಲೀಟರಿನ ಲೆಕ್ಕದಲ್ಲಿ ಎತ್ತರವೂ ಉದ್ದದ ವೇಷ ಹಾಕಿಕೊಂಡು ಬರುತ್ತದೆ. ಮಲಗುವ ಪ್ರಾಣಿಗೆ ತಲೆಯ ಮೇಲಿನ ಖಾಲಿ ಗಾಳಿಯಿಂದ ಏನೂ ಪ್ರಯೋಜನವಿಲ್ಲ. ಅದು ಮಲಗದೆ ನಿಂತೇ ಪಯಣಿಸಬೇಕಾದರೆ ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಏನಾಗುತ್ತದೆಂದು ವಾಂತಿ ಒರೆಸಿದವರು ಬಲ್ಲರು. ಗಾಡಿ ಎತ್ತರವಾದಷ್ಟೂ ತಿರುವಿನಲ್ಲಿ ಅದರ ಓಲಾಟ ಹೆಚ್ಚು. ಹಿಂದಿನ ಚಕ್ರದಾಚೆಗಿನ ಡಿಕ್ಕಿಯಲ್ಲಿ ಪ್ರತಿ ಗುಂಡಿಯ ಕುಲುಕಾಟವೂ ಇಮ್ಮಡಿಯಾಗಿ ತಟ್ಟುತ್ತದೆ. ಮುಂದಿನ ಹಾಗೂ ಹಿಂದಿನ ಚಕ್ರಗಳ ನಡುವೆ, ಆದಷ್ಟು ಕೆಳಗೆ, ಸಮತಟ್ಟಾದ ನೆಲದ ಮೇಲೆ ಉದ್ದಕ್ಕೆ ಮಲಗಲು ಸಿಗುವ ಜಾಗವೇ ನಾಯಿಗೆ ಹಿತ. ಎತ್ತಿನಗಾಡಿಯಲ್ಲಿ ಕರುವನ್ನು ಸಾಗಿಸಿದವರಿಗೆ ಈ ವಿದ್ಯೆ ಹೊಸತಲ್ಲ.

ಏರುವುದು ಮತ್ತು ಇಳಿಯುವುದು ಇನ್ನೊಂದು ಯಾತನೆ. ಶೆಫರ್ಡ್ ಮತ್ತು ಲ್ಯಾಬ್ರಡಾರ್ ತಳಿಗಳಲ್ಲಿ ಸೊಂಟದ ಕೀಲು ಸಡಿಲವಾಗುವ ಆನುವಂಶಿಕ ದೋಷ ವ್ಯಾಪಕವಾಗಿದೆ. ಎಂಟು ವರ್ಷ ದಾಟಿದ ಅಂಥ ನಾಯಿಯನ್ನು ಸೊಂಟದೆತ್ತರದ ಡಿಕ್ಕಿಯಿಂದ ಧುಮುಕಿಸಿದರೆ ಪೂರ್ತಿ ಭಾರ ಮುಂಗಾಲುಗಳ ಮೇಲೆ ಬೀಳುತ್ತದೆ. ನೆಲದೆತ್ತರ ಇಮ್ಮಡಿಯಾದರೆ ಆ ಕೀಲುಗಳು ಹೀರಿಕೊಳ್ಳಬೇಕಾದ ಶಕ್ತಿಯೂ ಇಮ್ಮಡಿ. ಪ್ರತಿ ನಿಲುಗಡೆಯಲ್ಲೂ ಮೂವತ್ತೈದು ಕೆ.ಜಿ. ಜೀವವನ್ನು ಎತ್ತಿ ಇಳಿಸುತ್ತೇನೆನ್ನುವ ಯಜಮಾನನ ಬೆನ್ನು ಎಷ್ಟು ದಿನ ಬಾಳೀತು? ಇಳಿಜಾರು ಹಲಗೆಯೊಂದನ್ನು ಕಾರಿನಲ್ಲಿಟ್ಟುಕೊಳ್ಳುವುದು ಒಳ್ಳೆಯದೇ. ಆದರೆ ಗಾಡಿ ಎತ್ತರವಾದಷ್ಟೂ ಹಲಗೆ ಉದ್ದವಾಗಬೇಕು, ಹಲಗೆ ಉದ್ದವಾದಷ್ಟೂ ಅದನ್ನಿಡಲು ಒಳಗೆ ಜಾಗವಿಲ್ಲ.

ಮಲೆನಾಡಿನ ತಂಪು ನಂಬಿ ನಾಯಿಯನ್ನು ಕಾರಿನಲ್ಲಿ ಬಿಟ್ಟುಹೋಗುವವರಿಗೆ 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದನ್ನು ನೆನಪಿಸಬೇಕು. ಹೊರಗೆ ಕೇವಲ 22 ಡಿಗ್ರಿ ಸೆಲ್ಷಿಯಸ್ ಇದ್ದ ದಿನವೂ ಬಿಸಿಲಿನಲ್ಲಿ ನಿಂತ ಕಾರಿನ ಒಳಗು ಒಂದು ಗಂಟೆಯಲ್ಲಿ 47 ಡಿಗ್ರಿಯ ಸಮೀಪಕ್ಕೆ ಏರಿತ್ತು. ಏರಿಕೆಯ ಶೇ. 80ರಷ್ಟು ಭಾಗ ಮೊದಲ ಅರ್ಧ ಗಂಟೆಯಲ್ಲೇ ಮುಗಿದಿತ್ತು. ಗಾಜನ್ನು ಸ್ವಲ್ಪ ಇಳಿಸಿಟ್ಟದ್ದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಆಗಲಿಲ್ಲ. ಒಂದು ದೋಸೆ, ಒಂದು ಕಾಫಿಗೆ ಅರ್ಧ ಗಂಟೆ ಸಾಕು. ನಾಯಿ ಮನುಷ್ಯನಂತೆ ಬೆವರಿ ತಣಿಯುವ ಪ್ರಾಣಿಯಲ್ಲ. ಏದುಸಿರಿನಲ್ಲಿ ನಾಲಿಗೆ ಮತ್ತು ಶ್ವಾಸನಾಳದ ತೇವವನ್ನು ಆವಿಯಾಗಿಸಿ ಅದು ಮೈಯ ಬಿಸಿಯನ್ನು ಹೊರಹಾಕುತ್ತದೆ. ಗಾಳಿಯೇ ತೇವದಿಂದ ತುಂಬಿದ್ದಾಗ ಆವಿಯಾಗುವುದು ಎಲ್ಲಿಗೆ? ಆಷಾಢದ ಮಳೆಯಲ್ಲಿ ಗಾಜು ಏರಿಸಿ, ಹಿಂಬದಿಗೆ ಗಾಳಿಯ ಕಿಂಡಿಯೇ ಇಲ್ಲದ ಕಾರಿನ ಡಿಕ್ಕಿಯಲ್ಲಿ ದಪ್ಪ ತುಪ್ಪಳದ ನಾಯಿಯನ್ನು ಕೂರಿಸಿದವರು ಹೊರಗಿನ ಚಳಿಯನ್ನು ನೋಡಿ ಮೋಸಹೋಗುತ್ತಾರೆ. ಅದರ ಮೈಬಿಸಿ 41 ಡಿಗ್ರಿ ದಾಟಿದರೆ ಪ್ರಾಣಕ್ಕೇ ಅಪಾಯ. ಹೀಗಾಗಿ ಕಾರು ಕೊಳ್ಳುವಾಗ ಹಿಂದಿನ ಕಿಟಕಿಗಳು ತೆರೆಯುತ್ತವೆಯೇ, ತಣ್ಣನೆಯ ಗಾಳಿ ನಾಯಿ ಮಲಗುವಲ್ಲಿಗೆ ತಲುಪುತ್ತದೆಯೇ ಎಂದು ನೋಡದೆ, ಚಾವಣಿಯಲ್ಲಿ ಆಕಾಶ ಕಾಣುವ ಗಾಜಿದೆಯೇ ಎಂದು ನೋಡುವವರ ಬಗ್ಗೆ ಏನೆನ್ನುವುದು! ಬಿಸಿಲನ್ನು ಒಳಗೆ ಕರೆಯಲು ಹಣ ತೆರುವ ಪರಿ ಇದು.

ಕಟ್ಟಿಹಾಕದ ನಾಯಿಯ ವಿಷಯವನ್ನೂ ಹೇಳಲೇಬೇಕು. ಗಂಟೆಗೆ 50 ಕಿ.ಮೀ. ವೇಗದ ಗಾಡಿ ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತರೆ 30 ಕೆ.ಜಿ. ನಾಯಿ ನಾಲ್ಕು ಕ್ವಿಂಟಾಲಿಗೂ ಮೀರಿದ ಬಲದಿಂದ ಮುಂದಕ್ಕೆ ಎರಗುತ್ತದೆ. ಗಾಡಿ ಎಷ್ಟೇ ಬಲಿಷ್ಠವಾಗಿರಲಿ, ಒಳಗಿನ ಈ ಎರಗುವಿಕೆಯನ್ನು ಅದು ತಡೆಯದು. ಆಸನದ ಪಟ್ಟಿಗೆ ಬಿಗಿಯುವ ಎದೆಪಟ್ಟಿಯೋ, ನೆಲಕ್ಕೆ ಬಿಗಿದ ಪಂಜರವೋ, ಆಸನದ ಹಿಂದೆ ಕಬ್ಬಿಣದ ಜಾಲರಿಯೋ ಬೇಕು. ಇವುಗಳ ಬೆಲೆ ಕಾರಿನ ಮಿರುಗುವ ಗಾಲಿಗಳ ಬೆಲೆಗಿಂತ ಕಡಿಮೆ.

ಹಾಗಾದರೆ ನೆಲ ಕೆಳಗಿರುವ, ಹಿಂಬದಿ ಉದ್ದವಾಗಿರುವ ಕಾರುಗಳು ಈ ದೇಶದಲ್ಲಿ ಇರಲೇ ಇಲ್ಲವೇ? ಇದ್ದವು. 1992ರ ಟಾಟಾ ಎಸ್ಟೇಟ್, ಮಾರುತಿಯ ಬಲೆನೊ ಆಲ್ಟುರಾ, 2004ರ ಇಂಡಿಗೊ ಮರೀನಾ ಇವೆಲ್ಲ ಆ ಜಾತಿಯವು. ಯುರೋಪಿನಲ್ಲಿ ನಾಯಿ ಸಾಕಿದ ಕುಟುಂಬಗಳು ತಲೆಮಾರುಗಳಿಂದ ಇಂಥ ಕಾರನ್ನೇ ನೆಚ್ಚಿಕೊಂಡು ಬಂದಿವೆ. ಇಲ್ಲಿ ಅವನ್ನು ಶವವಾಹನವೆಂದು ಗೇಲಿ ಮಾಡಿದರು. ಗೇಲಿಯಿಂದ ಉಳಿದದ್ದನ್ನು ತೆರಿಗೆ ಮುಗಿಸಿತು. 2006ರ ಕೇಂದ್ರ ಮುಂಗಡಪತ್ರವು ನಾಲ್ಕು ಮೀಟರ್ ಮೀರದ, ಪೆಟ್ರೋಲಿನಲ್ಲಿ 1200, ಡೀಸೆಲಿನಲ್ಲಿ 1500 ಸಿ.ಸಿ. ಮೀರದ ಕಾರುಗಳನ್ನು ‘ಸಣ್ಣ ಕಾರು’ ಎಂದು ಕರೆದು ಅವುಗಳ ಅಬಕಾರಿ ಸುಂಕವನ್ನು ಶೇ. 24ರಿಂದ 16ಕ್ಕೆ ಇಳಿಸಿತು. ಉದ್ದೇಶ ಒಳ್ಳೆಯದೇ ಇದ್ದೀತು. ಆದರೆ ತಯಾರಕರು ಅಳತೆಪಟ್ಟಿ ಹಿಡಿದು ಕಾರಿನ ಹಿಂಬದಿಯನ್ನು ಕತ್ತರಿಸತೊಡಗಿದರು. 2008ರಲ್ಲಿ ಇಂಡಿಗೊದ ಬಾಲ ಮೊಟಕಾಯಿತು, 2012ರಲ್ಲಿ ಡಿಸೈರಿನದು. ಉದ್ದಕ್ಕೆ ಬೇಲಿ ಬಿದ್ದಾಗ ಕಾರು ಮೇಲಕ್ಕೆ ಬೆಳೆಯಿತು, ಬೆಳಕಿಗೆ ಪೈಪೋಟಿ ನಡೆಸುವ ಕಿಕ್ಕಿರಿದ ಸಸಿಮಡಿಯ ಗಿಡದಂತೆ.

22 ಸೆಪ್ಟೆಂಬರ್ 2025ರಿಂದ ಜಾರಿಗೆ ಬಂದ ಹೊಸ ಜಿ.ಎಸ್.ಟಿ. ದರಗಳು ಈ ವಿಪರೀತವನ್ನು ಇನ್ನಷ್ಟು ಗಟ್ಟಿ ಮಾಡಿವೆ. ಅದೇ ನಾಲ್ಕು ಮೀಟರಿನ ಗೆರೆಯ ಒಳಗಿದ್ದರೆ ಶೇ. 18, ಹೊರಗಿದ್ದರೆ ಶೇ. 40. 3985 ಮಿ.ಮೀ. ಉದ್ದದ, 1497 ಸಿ.ಸಿ. ಡೀಸೆಲ್ ಎಂಜಿನ್ನಿನ ಮೂರು ಬಾಗಿಲಿನ ಥಾರ್ ಶೇ. 18ರ ‘ಸಣ್ಣ’ ಕಾರು. ಅದಕ್ಕಿಂತ ತೂಕ ಕಡಿಮೆಯಿರುವ, ಮೂರನೆಯ ಸಾಲು ಮಡಚಿದರೆ ದೊಡ್ಡ ನಾಯಿಯೊಂದು ಆರಾಮವಾಗಿ ಮಲಗಬಹುದಾದ ನಾಲ್ಕು ಮೀಟರ್ ಮೀರಿದ ಉದ್ದದ ಎರ್ಟಿಗಾ ಶೇ. 40ರ ‘ದೊಡ್ಡ’ ಕಾರು. ಇದು ಯಾವುದೇ ಕಂಪನಿಯ ಶಿಫಾರಸಲ್ಲ, ನಿಯಮದ ಕುರುಡನ್ನು ತೋರಿಸುವ ಉದಾಹರಣೆಯಷ್ಟೇ. ನೆಲದಿಂದ 170 ಮಿ.ಮೀ.ಗಿಂತ ಎತ್ತರವಿರುವ ದೈತ್ಯ ಗಾಡಿಗಳಿಗೆ ಇದ್ದ ಪ್ರತ್ಯೇಕ ಹೆಚ್ಚುವರಿ ಹೊರೆಯೂ ಇದೇ ಸಂದರ್ಭದಲ್ಲಿ ಅಳಿಸಿಹೋಗಿ, ತಗ್ಗಿನ ಕುಟುಂಬದ ಕಾರೂ ದೈತ್ಯನೂ ಒಂದೇ ದರದ ಸಾಲಿನಲ್ಲಿ ನಿಂತಿವೆ. ತೂಕವನ್ನು ಕೇಳದ, ಅಗಲವನ್ನು ಕೇಳದ, ಉದ್ದವೊಂದನ್ನೇ ಪಾಪವೆಂದು ಎಣಿಸುವ ಈ ತೆರಿಗೆಯ ವಿರುದ್ಧ ಪರಿಸರದ ಸಂಘಟನೆಗಳು ಒಂದು ಮನವಿಯನ್ನೂ ಕೊಟ್ಟಂತಿಲ್ಲ. ರಸ್ತೆ ಅಗಲೀಕರಣದ ವಿರುದ್ಧ ಮಾತ್ರ ಧರಣಿ ಕೂರುತ್ತವೆ. ಎರಡರ ನಡುವಿನ ನಂಟು ಕಾಣದೇ?

ನಂಟು ಹೀಗಿದೆ. ಗ್ರಾಮ ಸಡಕ್ ಯೋಜನೆಯ ರಸ್ತೆಯ ಡಾಂಬರು ಸಾಮಾನ್ಯವಾಗಿ 3.75 ಮೀಟರ್ ಅಗಲ. ಹಳೆಯ ಓಮ್ನಿ ವ್ಯಾನಿನ ಅಗಲ 1410 ಮಿ.ಮೀ. ಎರಡು ಓಮ್ನಿಗಳು ಎದುರುಬದುರಾದರೆ ನಡುವೆ ಮೂರಡಿ ಉಳಿಯುತ್ತದೆ, ಇಬ್ಬರೂ ಕೈಬೀಸಿ ಸಾಗಬಹುದು. ಥಾರಿನ ಅಗಲ ಸುಮಾರು 1820 ಮಿ.ಮೀ. ಅಂಥ ಎರಡು ಎದುರಾದರೆ ಉಳಿಯುವುದು ಒಂದು ಗೇಣಿಗಿಂತ ಕಡಿಮೆ, ಅದೂ ಪಕ್ಕದ ಕನ್ನಡಿಗಳನ್ನು ಲೆಕ್ಕಿಸದೆ. ಒಂದು ಕಡೆ ಧರೆ, ಇನ್ನೊಂದು ಕಡೆ ಕಣಿವೆ. ಒಬ್ಬರು ಹಿಂದಕ್ಕೆ ಹೋಗಲೇಬೇಕು. ಹಿಂದಕ್ಕೆ ಹೋಗಲು ಮನಸ್ಸಿಲ್ಲದವರೆಲ್ಲ ಸೇರಿ ರಸ್ತೆ ಅಗಲವಾಗಲಿ ಎಂದು ಅರ್ಜಿ ಬರೆಯುತ್ತಾರೆ. ಜೆಸಿಬಿ ಬರುತ್ತದೆ, ಧರೆಯ ಬುಡ ಕೊರೆಯುತ್ತದೆ, ಮುಂದಿನ ಮಳೆಗಾಲಕ್ಕೆ ಧರೆ ರಸ್ತೆಗೆ ಬರುತ್ತದೆ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಕುಸಿದು ಸಂಚಾರ ನಿಂತದ್ದನ್ನು ಈ ಸೀಮೆಯವರು ಮರೆತಿರಲಾರರು. ಡಾಂಬರನ್ನು ಅರೆಯುವುದು ಕಾರುಗಳಲ್ಲ, ಮರಳಿನ ಮತ್ತು ಮರದ ಲಾರಿಗಳು ಎಂಬುದು ನಿಜ. ಅಗಲದ ಹಸಿವು ಮಾತ್ರ ಕಾರುಗಳದ್ದೇ.

ಓಮ್ನಿಯ ಹೆಸರು ಬಂದೊಡನೆ ಹಳಬರ ಕಣ್ಣು ಅರಳುತ್ತದೆ. 1984ರಲ್ಲಿ ಬಂದ ಆ ವ್ಯಾನಿನಲ್ಲಿ ಹಸುವಿನ ಹಿಂಡಿ, ಅಡಿಕೆಮೂಟೆ, ಬಾಣಂತಿ, ನಾಯಿ ಎಲ್ಲವೂ ಪಯಣಿಸಿದವು. ತಗ್ಗಿನ ನೆಲ, ಸರಿಯುವ ಬಾಗಿಲು, ಹಿಂದಿನ ಆಸನ ಕಳಚಿದರೆ ಒಂದು ಕೋಣೆ. ಆದರೆ ಹಳೆಯದರ ಮೋಹವೂ ಅಪಾಯಕಾರಿಯೇ. ಚಾಲಕನ ಮೊಣಕಾಲಿನ ಮುಂದೆ ತಗಡಿನ ಹೊರತು ಬೇರೇನೂ ಇರದಿದ್ದ ಆ ಗಾಡಿ ಹೊಸ ಸುರಕ್ಷತಾ ನಿಯಮಗಳಿಗೆ ಒಗ್ಗದೆ 2019ರಲ್ಲಿ ನಿಂತಿತು, ನಿಲ್ಲಬೇಕಾದದ್ದೇ ಆಗಿತ್ತು. ನಿಲ್ಲಬಾರದಿದ್ದುದು ಅದರ ನೆಲದ ಕಲ್ಪನೆ. ವಿದ್ಯುತ್ ಕಾರುಗಳಿಗೆ ಶೇ. 5ರ ದರ ಕೊಟ್ಟಾಗಲೂ ಯಾರೂ ಅದನ್ನು ಕೇಳಲಿಲ್ಲ. ಬ್ಯಾಟರಿ ಅಡಿಯಲ್ಲಿ ಕೂತು ನೆಲ ಇನ್ನೊಂದು ಗೇಣು ಮೇಲೆದ್ದಿದೆ.

ಕೊಳ್ಳಲೇಬೇಕಾದವರು ಮಳಿಗೆಗೆ ನಾಯಿಯನ್ನೇ ಕರೆದೊಯ್ಯಲಿ. ಜೊತೆಗೊಂದು ಟೇಪು ಇರಲಿ. ಹಿಂದಿನ ಆಸನ ಮಡಚಿಸಿ, ನೆಲ ಸಮತಟ್ಟಾಗುತ್ತದೆಯೇ, ನಾಯಿ ತಾನಾಗಿ ಹತ್ತುತ್ತದೆಯೇ, ಒಂದು ಸುತ್ತು ತಿರುಗಿ ಮಲಗುತ್ತದೆಯೇ ಎಂದು ನೋಡಲಿ. ಮಾರಾಟಗಾರನ ಮುಖ ಕಪ್ಪಿಟ್ಟರೆ ಪಕ್ಕದ ಮಳಿಗೆಗೆ ನಡೆಯಲಿ. ಒಳಗೆ ನೂಲಿನ ಹಾಸು ಬೇಡ, ತೊಳೆಯಬಹುದಾದ ರಬ್ಬರಿನ ಹಾಸು ಇರಲಿ. ಇದು ಶುಚಿಯ ಮಾತು ಮಾತ್ರವಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ. ಡಿಸೆಂಬರಿನಿಂದ ಮೇವರೆಗೆ ಕಾಡಂಚಿನ ಒಣ ತರಗಿನಲ್ಲಿ ನಾಯಿಯನ್ನು ಓಡಾಡಲು ಬಿಟ್ಟರೆ ಅದರ ತುಪ್ಪಳ ಹೊತ್ತು ತರುವ ಉಣುಗು ಕಾರಿನ ಹಾಸಿನಲ್ಲೇ ಇಳಿದುಕೊಳ್ಳುತ್ತದೆ. ಕಾಡಿಗೂ ನಾಯಿಯಿಂದ ಅಪಾಯವುಂಟು. 2018ರಲ್ಲಿ ಗಿರ್ ಅರಣ್ಯದ ಸಿಂಹಗಳನ್ನು ಕೊಂದ ಡಿಸ್ಟೆಂಪರ್ ನಾಯಿಗಳ ರೋಗವೇ. ಲಸಿಕೆಯಿಲ್ಲದ, ಹಗ್ಗವಿಲ್ಲದ ನಾಯಿಯನ್ನು ಘಾಟಿಯ ತಿರುವಿನಲ್ಲಿ ಇಳಿಸುವವರಿಗೆ ಸಹ್ಯಾದ್ರಿಯ ಕೆನ್ನಾಯಿಗಳ ಹಿಂಡು ಕಾಣಿಸುವುದಿಲ್ಲ.

ತಾಲ್ಲೂಕು ಕೇಂದ್ರದ ಯಾವುದೇ ಪಶು ಆಸ್ಪತ್ರೆಯ ಮುಂದೆ ಸಂತೆಯ ದಿನ ನಿಂತರೆ ದೊಡ್ಡ ನಾಯಿಗಳು ಹೇಗೆ ಬರುತ್ತವೆಂದು ತಿಳಿಯುತ್ತದೆ. ಬಹುಪಾಲು ಆಟೋರಿಕ್ಷಾದಲ್ಲಿ. ಮೊಣಕಾಲಿನಷ್ಟೂ ಎತ್ತರವಿಲ್ಲದ ನೆಲದ ಮೇಲೆ ಗೋಣಿಚೀಲ ಹಾಸಿರುತ್ತದೆ, ಎರಡೂ ಕಡೆಯಿಂದ ಗಾಳಿ ಆಡುತ್ತದೆ, ಯಜಮಾನನ ಕಾಲಿಗೆ ಬೆನ್ನು ಕೊಟ್ಟು ನಾಯಿ ಕಣ್ಣು ಮುಚ್ಚಿರುತ್ತದೆ. ಅದರ ಪಕ್ಕದಲ್ಲೇ ನಿಂತ ಹದಿನೈದು ಲಕ್ಷದ ಗಾಡಿಯ ಹಿಂದೆ ಇಬ್ಬರು ಸೇರಿ ಒಂದು ಮುದಿ ಲ್ಯಾಬ್ರಡಾರನ್ನು ಕೆಳಗಿಳಿಸಲು ಹೆಣಗುತ್ತಿರುತ್ತಾರೆ, ನಾಯಿ ಇಳಿಯಲೊಲ್ಲದೆ ಡಿಕ್ಕಿಯ ಅಂಚಿಗೆ ಉಗುರು ಊರಿರುತ್ತದೆ.