ಸೈಕಲ್ ಹೊಡೆಯೋಕೆ ಟಿಪ್ಸ್ ಬೇಕಾ? ಸೆಕ್ಯುರಿಟಿಯವರನ್ನ ಕೇಳಿ!

ಬಹಳ ದಿನ ಆಯ್ತು ಇಲ್ಲಿ ಬರೆದು. ಇವತ್ತು ಬರೀತಿರೋದು ಸಿಟ್ಟಿನಲ್ಲಿ. ಖಾರ ಸ್ವಲ್ಪ ಜಾಸ್ತಿ ಆದ್ರೆ, ಬಾಗಲಕೋಟೆ ಕಡೆಯವನು ಅಂತ ಹೊಟ್ಟೆಗೆ ಹಾಕ್ಕೊಳ್ಳಿ :-)

ಜೂನ್ 3 ವಿಶ್ವ ಸೈಕಲ್ ದಿನವಂತೆ. 2018ರಿಂದ ವಿಶ್ವಸಂಸ್ಥೆ ಆಚರಿಸ್ತಿದೆ. ಅವತ್ತು ನಮ್ಮ ಬೆಂಗಳೂರಿನ ಆಫೀಸಿನಲ್ಲಿ ಎಲ್ಲರಿಗೂ ಒಂದು ಮೇಲ್ ಬಂತು, 'ಸೈಕಲ್ಲಿನಲ್ಲಿ ಕೆಲಸಕ್ಕೆ ಬರುವುದು ಹೇಗೆ?' ಅಂತ. ಮೊದಲ ಸಲಹೆ, ಒಳ್ಳೆ ಗೇರ್ ಸೈಕಲ್ ಕೊಳ್ಳಿ. ಎರಡನೆಯದು, ಬೆವರು ಹೀರುವ ಜರ್ಸಿ. ಆಮೇಲೆ ಕೈಗವಸು, ಕನ್ನಡಕ, ಸ್ಮಾರ್ಟ್ ವಾಚು... ಪಟ್ಟಿ ಮುಗಿಯೋ ಹೊತ್ತಿಗೆ ಮೂವತ್ತು ಸಾವಿರ ಢಮಾರ್. ಇನ್ನೂ ಪೆಡಲ್ ಮೇಲೆ ಕಾಲೇ ಇಟ್ಟಿರಲಿಲ್ಲ!

ಅಲ್ರೀ, ಕೆಲಸಕ್ಕೆ ಸೈಕಲ್ ಹೊಡೆಯೋದನ್ನ ಇವರು ಕಂಡುಹಿಡಿದ್ರಾ? ಬೇವೂರಲ್ಲಿ ನಮ್ಮ ಕಾಕಾ ಧೋತರ ಎತ್ತಿ ಕಟ್ಟಿ, ಕ್ಯಾರಿಯರಿಗೆ ಬುತ್ತಿ ಬಿಗಿದು ದಿನಾ ಹೊಲಕ್ಕೆ ಹೋಗ್ತಿದ್ದದ್ದು ಏನರ ಮೇಲೆ? ಎಂಟನೇ ಕ್ಲಾಸಿನಲ್ಲಿ ನನಗೆ ಸರ್ಕಾರಿ ಸೈಕಲ್ ಸಿಕ್ಕಾಗ (2006-07ರಲ್ಲಿ ಶುರುವಾದ ಯೋಜನೆ, 2020ರಲ್ಲಿ ಕೊರೋನಾ ಬಂದ ಮೇಲೆ ವಿತರಣೆ ನಿಂತಿತು, ಅದಕ್ಕೆ ಯಾರೂ ಮೇಲ್ ಕಳಿಸಲಿಲ್ಲ ಬಿಡಿ) ಕಾಕಾ ಒಂದೇ ಮಾತು ಹೇಳಿದ್ದರು: "ಮಳಿಯಾದ ಮ್ಯಾಲ ಎರಿ ಹೊಲಕ್ಕ ಇಳಸಬ್ಯಾಡ ತಮ್ಮಾ, ಸೈಕಲ್ ನಿನ್ನ ಮ್ಯಾಲ ಹತ್ತತೈತಿ." ಇಳಿಸಿದೆ. ಮಡ್‌ಗಾರ್ಡಿನೊಳಗೆ ಕರಿ ಮಣ್ಣು ಮೆತ್ತಿ ಗಾಲಿ ತಿರುಗಲೇ ಇಲ್ಲ. ಹೆಗಲ ಮೇಲೆ ಹೊತ್ಕೊಂಡು ಮನೆಗೆ ಬಂದೆ.

ಬೆಂಗಳೂರಲ್ಲಿ ನನಗೆ ಕೆಲಸಕ್ಕೆ ಬಂದ ಸಲಹೆ ಸಿಕ್ಕಿದ್ದು ನಮ್ಮ ಗೇಟಿನ ಸೆಕ್ಯುರಿಟಿಯವರಿಂದ. ಐವತ್ತು ದಾಟಿದ ಮನುಷ್ಯ. ಹೋಗ್ತಾ ಬರ್ತಾ ದಿನಕ್ಕೆ 18 ಕಿಲೋಮೀಟರ್, ರಾತ್ರಿ ಪಾಳಿ ಇದ್ರೂ ಅಷ್ಟೇ. "ಬ್ಯಾಗು ಬೆನ್ನಿಗೆ ಬೇಡ ಸರ್, ಟವೆಲ್ ಮಡಚಿಟ್ಟು ಕ್ಯಾರಿಯರಿಗೆ ಕಟ್ಟಿ, ಅರ್ಧ ಬೆವರು ಕಮ್ಮಿ." ಹತ್ತು ನಿಮಿಷ ಮುಂಚೆ ಹೊರಟು ನಿಧಾನ ತುಳಿದ್ರೆ ಉಳಿದರ್ಧವೂ ಕಮ್ಮಿ. ವಾರಕ್ಕೊಮ್ಮೆ ಗಾಳಿ. ಹಿಂದೆ ಕೆಂಪು ದೀಪ. ತೀರಾ ಎಡ ಅಂಚಿಗೆ ಅಂಟ್ಕೊಂಡು ಹೋಗ್ಬೇಡಿ, ಮೋರಿ ಜಾಲರಿಗೆ ಗಾಲಿ ಸಿಗುತ್ತೆ. ನಿಂತ ಕಾರಿನಿಂದ ಒಂದು ಬಾಗಿಲಿನಷ್ಟು ದೂರ ಇರಿ. ನನ್ನ ಮೊಣಕಾಲು ನೋವಿಗೆ ಡಾಕ್ಟರು ಮಾತ್ರೆ ಬರೆದ್ರು, ಇವರು ಸೀಟು ಎರಡು ಬೆರಳು ಎತ್ತರಿಸಿದ್ರು. ಮಾತ್ರೆ ಡ್ರಾಯರಿನಲ್ಲೇ ಇದೆ. (ಹೆಲ್ಮೆಟ್ ನಾನು ಹಾಕ್ತೀನಿ, ನೀವೂ ಹಾಕಿ. ನನ್ನ ಜಗಳ ಅದರ ಜೊತೆ ಅಲ್ಲ.)

ಜಗಳ ಯಾರ ಜೊತೆ ಅಂದ್ರೆ... ನನ್ನ ಸೈಕಲ್ಲಿಗೆ ಬೇಸ್‌ಮೆಂಟಿನಲ್ಲಿ ಸ್ಟ್ಯಾಂಡು, ಮೇಲೊಂದು ಕ್ಯಾಮೆರಾ. ಅವರದೂ, ಹೌಸ್‌ಕೀಪಿಂಗ್‌ನವರದೂ ಹೊರಗೆ ಜನರೇಟರ್ ಪಕ್ಕ, ಮಳೆಯಲ್ಲಿ. ಸ್ಟ್ಯಾಂಡಿನಲ್ಲಿ ಯಾವಾಗ ನೋಡಿದ್ರೂ ಅರ್ಧ ಖಾಲಿ. ಯಾಕೆ ಅಂತ ಕೇಳಿದ್ದಕ್ಕೆ, "ಅದು ಎಂಪ್ಲಾಯಿಗಳಿಗೆ, ಅವರು ಕಾಂಟ್ರ್ಯಾಕ್ಟ್" ಅಂದ್ರು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಮಾಡಿದ ಸೈಕಲ್ ಪಥ ಮೆಟ್ರೋ ಕಾಮಗಾರಿಗೆ ಹೋಯ್ತು, ಸರಿ, ಅಲ್ಲಿ ರಸ್ತೆ ಅಗಲ ಸಾಲಲ್ಲ ಅಂತಾದ್ರೂ ಹೇಳಬಹುದು. ಇಲ್ಲಿ ಏನು ಸಾಲದಾಗಿತ್ತು ಸ್ವಾಮಿ?

ಮೇ ತಿಂಗಳಲ್ಲಿ ಅವರ ಸೈಕಲ್ ಕಳವಾಯ್ತು. ಈಗ ರಾತ್ರಿ ಪಾಳಿ ಮುಗಿಸಿ ಎರಡು ಬಸ್ಸು ಬದಲಿಸಿ ಮನೆಗೆ ಹೋಗ್ತಾರೆ. ಜೂನ್ 3ರಂದು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯುವಾಗ ಗೇಟು ತೆಗೆದು ಹಿಡಿದುಕೊಂಡವರು ಅವರೇ.

ಆ ಮೇಲ್‌ಗೆ 'ರಿಪ್ಲೈ ಆಲ್' ಒತ್ತಿ ಇದನ್ನೆಲ್ಲ ಬರೆದಿದ್ದೀನಿ. ಇನ್ನೂ ಉತ್ತರ ಇಲ್ಲ. ಸೋಮವಾರದಿಂದ ನನ್ನ ಸೈಕಲ್ಲೂ ಜನರೇಟರ್ ಪಕ್ಕವೇ. ನಿಮ್ಮ ಆಫೀಸಿನಲ್ಲಿ ಹೌಸ್‌ಕೀಪಿಂಗ್‌ನವರ ಸೈಕಲ್ ಎಲ್ಲಿ ನಿಲ್ಲುತ್ತೆ? ನಾಳೆ ಒಂದ್ಸಲ ನೋಡಿ ಬಂದು ಹೇಳಿ.