ಕನ್ನಡದ ಫೋಲ್ಡರ್ ಒಂದೇ ಸಾಕೇ?

ಈ ಸಲದ ವಿಷಯ ಸ್ವಲ್ಪ ಗಣಕದ ಕಡೆಯದು. ಪಾಠ, ಪರೀಕ್ಷೆ ಬಿಟ್ಟು ಈ ಮೇಷ್ಟ್ರಿಗೆ ಇದೆಲ್ಲ ಏಕೆ ಬೇಕಿತ್ತು ಅನ್ನಬೇಡಿ. ಹೊಸೂರು, ಬಾಗಲೂರು, ತಳಿ, ಡೆಂಕಣಿಕೋಟೆ ಕಡೆಯ ಕನ್ನಡ ಶಾಲೆಗಳಲ್ಲಿ ಓದಿ, ಈಗ ಅತ್ತಿಬೆಲೆ ದಾಟಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವವರು ನಮ್ಮಲ್ಲಿದ್ದಾರೆ. ಗಣಕದ ಪರದೆಯ ಮೇಲೆ ಕನ್ನಡ ಕಾಣಬೇಕಾದರೆ ಯಾರೋ ಕೂತು ಒಂದೊಂದೇ ಸಾಲು ಅನುವಾದ ಮಾಡಬೇಕು. ಆ ಕೆಲಸಕ್ಕೆ ನಮ್ಮ ಶಾಲೆಗಳವರೂ ಕೈಹಾಕಬೇಕು ಎಂಬುದು ನನ್ನ ಬಹುದಿನದ ಆಸೆ. ಆದರೆ ಹೊಸಬರು ಮೊದಲ ದಿನವೇ ಎಡವುವ ಕಲ್ಲೊಂದು ಅಲ್ಲಿದೆ.

ದೊಡ್ಡ ತಂತ್ರಾಂಶಗಳ ಕಡತಗಳೆಲ್ಲ ಒಂದು ಭಂಡಾರದಲ್ಲಿರುತ್ತವೆ. ಯಾರು, ಯಾವಾಗ, ಏನು ತಿದ್ದಿದರು ಎಂಬ ಲೆಕ್ಕ ಇಡುವ ತಂತ್ರಾಂಶಕ್ಕೆ ವರ್ಷನ್ ಕಂಟ್ರೋಲ್ ಎನ್ನುತ್ತಾರೆ. ಸಿವಿಎಸ್, ಸಬ್‌ವರ್ಷನ್, ಈಗ ಎಲ್ಲೆಲ್ಲೂ ಇರುವ ಗಿಟ್, ಎಲ್ಲವೂ ಇದೇ ಜಾತಿಯವು. ಭಂಡಾರದಿಂದ ಕಡತಗಳನ್ನು ನಮ್ಮ ಗಣಕಕ್ಕೆ ಇಳಿಸಿ ಹರಡಿಕೊಳ್ಳುವುದು ಚೆಕ್‌ಔಟ್. ಕನ್ನಡದವನಿಗೆ ಬೇಕಾದದ್ದು ಒಂದು ಫೋಲ್ಡರ್. ಬರುವುದು ಮಾತ್ರ ಇಡೀ ಭಂಡಾರ! ಮೊಬೈಲಿನ ಡೇಟಾ ಪ್ಯಾಕ್ ನಂಬಿ ಕೂತವರ ಉತ್ಸಾಹ ಅಲ್ಲೇ ಇಳಿದುಹೋಗುತ್ತದೆ.

ಹಾಗಾದರೆ ಬೇಕಾದಷ್ಟೇ ಕೊಟ್ಟರಾಯಿತಲ್ಲ? ನಮಗೆ ಶಾಲೆಯವರಿಗೆ ಇದು ಹೊಸ ಯೋಚನೆಯೇನಲ್ಲ. ತಮಿಳುನಾಡಿನಲ್ಲಿ 2012-13ರಲ್ಲಿ 1ರಿಂದ 8ನೇ ತರಗತಿಗೆ ಮುಪ್ಪರುವ ಪದ್ಧತಿ ಬಂದಾಗ, ವರ್ಷದ ಪುಸ್ತಕ ಮೂರು ತುಂಡಾಯಿತು. ಮಗುವಿನ ಚೀಲದಲ್ಲಿ ಆ ಅವಧಿಯ ಪಾಠಗಳಷ್ಟೇ. ಚೀಲ ಹಗುರವಾಯಿತು, ನಿಜ. ಮೂರನೇ ಅವಧಿಯಲ್ಲಿ ಮೊದಲ ಅವಧಿಯ ಭಿನ್ನರಾಶಿ ಮತ್ತೆ ಬೇಕಾದಾಗ ಪುಸ್ತಕ ಮನೆಯಲ್ಲಿ! ತುಂಡು ಮಾಡುವುದು ಸುಲಭ, ಆಚೆ ಉಳಿದದ್ದರ ಜೊತೆ ತುಂಡಿಗೆ ಇರಬೇಕಾದ ನಂಟನ್ನು ಕಾಯುವುದು ಕಷ್ಟ. ಗಿಟ್‌ನವರು ಹಲವು ವರ್ಷಗಳಿಂದ ಗುದ್ದಾಡುತ್ತಿರುವುದೂ ಇದರ ಜೊತೆಗೇ.

ಗಿಟ್‌ಗೆ ಇದೇಕೆ ಕಷ್ಟ? ಸಬ್‌ವರ್ಷನ್‌ನಲ್ಲಿ ಯಾವ ಫೋಲ್ಡರ್‌ನ ವಿಳಾಸ ಕೊಟ್ಟರೆ ಅದನ್ನಷ್ಟೇ ಇಳಿಸಿಕೊಳ್ಳಬಹುದು. 2008ರ 1.5ನೇ ಆವೃತ್ತಿಯಿಂದ ಇನ್ನೂ ಮುಂದೆ ಹೋಗಿ, ಈ ಫೋಲ್ಡರ್ ಖಾಲಿ ಬರಲಿ, ಆ ಫೋಲ್ಡರ್ ಪೂರ್ತಿ ಬರಲಿ ಎಂದು ಆಳವನ್ನೂ ಹೇಳಬಹುದು. ಗಿಟ್ ಹಾಗಲ್ಲ. ಅದು ಪ್ರತಿ ಸಲ ದಾಖಲಿಸುವುದು ಇಡೀ ಭಂಡಾರದ ಚಿತ್ರವನ್ನು, ಶಾಲೆಯ ಗ್ರೂಪ್ ಫೋಟೋ ಇದ್ದ ಹಾಗೆ. ನಾನು ಒಂದು ಮೂಲೆ ಮಾತ್ರ ಇಳಿಸಿಕೊಂಡು ತಿದ್ದಿದರೂ, ನಾನು ಕಾಣದ ಮೂಲೆಗಳು ಇದ್ದ ಹಾಗೇ ಇವೆ ಎಂದು ಆ ಚಿತ್ರದಲ್ಲಿ ಬರಬೇಕು. ಜಾಗ ಉಳಿಸಲೆಂದು ಬೇಡದ ಫೋಲ್ಡರ್‌ಗಳನ್ನು ನಾವೇ ಅಳಿಸಿ, ಆಮೇಲೆ ಬದಲಾದದ್ದನ್ನೆಲ್ಲ ದಾಖಲಿಸು ಎಂದರೆ ಗಿಟ್ ಅವು ಅಳಿದವು ಎಂದೇ ಬರೆದುಕೊಳ್ಳುತ್ತದೆ. ತೆಲುಗಿನವರ ಫೋಲ್ಡರ್ ಅಳಿಸಿದ ಪಾಪ ನಮ್ಮ ತಲೆಗೆ!

ಹಾಜರಿ ಪುಸ್ತಕ ಬರೆಯುವವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ತರಗತಿಯಲ್ಲಿ ಅರ್ಧ ಮಕ್ಕಳು ಕಾಣುತ್ತಿಲ್ಲ. ಟಿ.ಸಿ. ತೆಗೆದುಕೊಂಡು ಹೋದರೋ, ಕ್ರೀಡಾಕೂಟಕ್ಕೆ ನಾವೇ ಕಳಿಸಿದೆವೋ? ಎರಡಕ್ಕೂ ಬೆಂಚು ಖಾಲಿಯೇ. ಗೊತ್ತಾಗುವುದು ಹಾಜರಿ ಪುಸ್ತಕದಿಂದ, ಹೆಸರು ಹಾಗೇ ಇದ್ದು ಪಕ್ಕದಲ್ಲಿ ಓ.ಡಿ. ಎಂದು ಬರೆದಿರುವುದರಿಂದ. ಗಿಟ್‌ನ ಒಳಗೂ ಇಂಡೆಕ್ಸ್ ಎಂಬ ಪಟ್ಟಿ ಇದೆ, ಎಲ್ಲ ಕಡತಗಳ ಹೆಸರೂ ಅದರಲ್ಲಿರುತ್ತದೆ. 2010ರ ಫೆಬ್ರವರಿಯಲ್ಲಿ ಬಂದ 1.7.0ರಲ್ಲಿ ಸ್ಪಾರ್ಸ್ ಚೆಕ್‌ಔಟ್ ಸೇರಿದಾಗ, ಹೆಸರಿನ ಪಕ್ಕದ ಸ್ಕಿಪ್-ವರ್ಕ್‌ಟ್ರೀ ಎಂಬ ಗುರುತು ಈ ಓ.ಡಿ. ಕೆಲಸ ಮಾಡಿತು. ಕಡತ ಮೇಜಿನ ಮೇಲಿಲ್ಲ, ಆದರೆ ಅಳಿದಿಲ್ಲ. ನನ್ನ ಮಟ್ಟಿಗೆ ಈ ಇಡೀ ವಿನ್ಯಾಸದ ಜೀವ ಇರುವುದು ಈ ಒಂದು ಗುರುತಿನಲ್ಲಿ.

ಆದರೆ ಆಗ ಅದನ್ನು ಬಳಸುವುದೇ ಒಂದು ತಪಸ್ಸು. ಒಳಗಿನ ಸೆಟ್ಟಿಂಗ್ ಬದಲಿಸಿ, ಅಡಗಿದ ಫೋಲ್ಡರ್‌ನ ಕಡತವೊಂದರಲ್ಲಿ ಮಾದರಿಗಳನ್ನು ಕೈಯಾರೆ ಬರೆಯಬೇಕಿತ್ತು. ಇದಕ್ಕೆಂದೇ ಒಂದು ನೇರ ಆಜ್ಞೆ ಬಂದದ್ದು 2020ರ ಜನವರಿಯಲ್ಲಿ, 2.25ನೇ ಆವೃತ್ತಿಯಲ್ಲಿ. ಹತ್ತು ವರ್ಷ! ನಡುವೆ ಏನಾಯಿತು ಗೊತ್ತೇ? 2017ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್‌ನ ಮೂಲವನ್ನು ಗಿಟ್‌ಗೆ ತಂದಿತು. ಸುಮಾರು 35 ಲಕ್ಷ ಕಡತ, 300 ಜಿಬಿ. ಅಷ್ಟನ್ನು ಅವರ ಎಂಜಿನಿಯರುಗಳ ಗಣಕಗಳೂ ಹೊರಲಾರವು. ದೊಡ್ಡವರ ಕಾಲಿಗೆ ಮುಳ್ಳು ಚುಚ್ಚಿದ ಮೇಲೆಯೇ ದಾರಿ ಗುಡಿಸುವ ಕೆಲಸಕ್ಕೆ ವೇಗ ಬಂತು. ಇರಲಿ, ಲಾಭ ನಮಗೂ ಆಯಿತು.

ಆ ಸುತ್ತಿನಲ್ಲಿ ಬಂದ ಒಂದು ನಿರ್ಧಾರ ನನಗೆ ಬಹಳ ಹಿಡಿಸಿತು. ಹಳೆಯ ರೀತಿಯಲ್ಲಿ ಯಾವ ಕಡತ ಬೇಕು, ಯಾವುದು ಬೇಡ ಎಂದು ಎಷ್ಟು ಸೂಕ್ಷ್ಮವಾಗಿ ಬೇಕಾದರೂ ಬರೆಯಬಹುದಿತ್ತು. ಬರೆದವನಿಗೇ ಆಮೇಲೆ ಅರ್ಥವಾಗದು. ಪ್ರತಿ ಕಡತವನ್ನು ಪ್ರತಿ ಮಾದರಿಯ ಜೊತೆ ಹೋಲಿಸಿ ಗಣಕವೂ ನಿಧಾನ. ಹೊಸ ಕೋನ್ ರೀತಿಯಲ್ಲಿ ಹೇಳಬೇಕಾದದ್ದು ಫೋಲ್ಡರ್‌ನ ಹೆಸರು ಮಾತ್ರ. ಆ ಫೋಲ್ಡರ್ ಪೂರ್ತಿ ಬರುತ್ತದೆ, ಅದರ ಮೇಲಿನ ಪ್ರತಿ ಮೆಟ್ಟಿಲಿನಲ್ಲಿ ಬಿಡಿಯಾಗಿರುವ ಕಡತಗಳೂ ಬರುತ್ತವೆ. ಅಷ್ಟೇ. 2022ರ 2.37ರಿಂದ ಕೇಳದಿದ್ದರೂ ಇದೇ ರೀತಿ. ಸ್ವಾತಂತ್ರ್ಯ ಕಡಿಮೆಯಾಯಿತು ಎಂದು ಗೊಣಗುವವರು ಗೊಣಗಲಿ. ವಾರಕ್ಕೊಮ್ಮೆ ಬಿಡುವಾದಾಗ ಅನುವಾದಕ್ಕೆ ಕೂರುವ ಶಿಕ್ಷಕಿಗೆ ಹೆಸರು ಹೇಳಿದರೆ ಸಾಕು ಎಂಬ ಸರಳತೆಯೇ ದೊಡ್ಡದು.

ಒಂದು ಗೊಂದಲ ಮಾತ್ರ ಬಿಡಿಸಿಕೊಳ್ಳಬೇಕು. ಸ್ಪಾರ್ಸ್ ಚೆಕ್‌ಔಟ್ ಉಳಿಸುವುದು ಮೇಜಿನ ಜಾಗವನ್ನು. ಇಳಿಸಿಕೊಳ್ಳುವಾಗಿನ ಡೇಟಾ ಉಳಿಯದು, ಭಂಡಾರದ ಇತಿಹಾಸವೆಲ್ಲ ಒಳಗೇ ಬಂದು ಕೂತಿರುತ್ತದೆ. ಡೇಟಾ ಉಳಿಯಬೇಕಾದರೆ ಪಾರ್ಶಿಯಲ್ ಕ್ಲೋನ್ ಎಂಬ ಇನ್ನೊಂದು ಸೌಲಭ್ಯ ಜೊತೆಗೆ ಬೇಕು. ಅದರಲ್ಲಿ ಕಡತಗಳ ಒಳಗಿನ ಬರಹ ಬೇಕೆನಿಸಿದಾಗ ಮಾತ್ರ ಸರ್ವರ್‌ನಿಂದ ಬರುತ್ತದೆ. ಒಳ್ಳೆಯದೇ. ಆದರೆ ಹಳೆಯ ಅನುವಾದ ಹೇಗಿತ್ತು ನೋಡೋಣ ಎಂದಾಗ ನೆಟ್‌ವರ್ಕ್ ಇಲ್ಲದಿದ್ದರೆ? ತಳಿಯ ಕಾಡಂಚಿನ ಹಳ್ಳಿಯಲ್ಲಿ ಕೂತವರಿಗೆ ಇದು ಸಣ್ಣ ಪ್ರಶ್ನೆಯಲ್ಲ. ನಾನು ಬಯಸುವುದು ಇಷ್ಟು: ನನ್ನ ತುಂಡು ಚಿಕ್ಕದಿರಲಿ, ಆದರೆ ಆ ತುಂಡಿನ ಇತಿಹಾಸ ಪೂರ್ತಿ ನನ್ನ ಬಳಿ ಇರಲಿ. 2025ರ ಮಾರ್ಚ್‌ನಲ್ಲಿ ಬಂದ 2.49ರಲ್ಲಿ ಬ್ಯಾಕ್‌ಫಿಲ್ ಎಂಬ ಆಜ್ಞೆ ಸೇರಿದೆ. ನೆಟ್‌ವರ್ಕ್ ಇದ್ದಾಗಲೇ ನಮ್ಮ ತುಂಡಿನ ಹಳೆಯ ಬರಹಗಳನ್ನೆಲ್ಲ ತುಂಬಿಕೊಳ್ಳಲು ಅದು ಬರುತ್ತದೆ. ಪ್ರಯೋಗದ ಹಂತದ್ದು ಎಂಬ ಎಚ್ಚರಿಕೆಯೊಂದಿಗೆ ಬಂದಿದೆ, ಆದರೂ ಸರಿಯಾದ ದಿಕ್ಕು.

ಈಗ ಶೀರ್ಷಿಕೆಯ ಪ್ರಶ್ನೆ. ಕನ್ನಡದ ಫೋಲ್ಡರ್ ಒಂದೇ ಸಾಕೇ?

ಕೆಡಿಇ ಎಂಬ ಮುಕ್ತ ತಂತ್ರಾಂಶ ಯೋಜನೆಯನ್ನು ನೋಡಿ. 2010ರ ನಂತರದ ವರ್ಷಗಳಲ್ಲಿ ಅದರ ಮೂಲಸಂಕೇತವೆಲ್ಲ ಗಿಟ್‌ಗೆ ಹೋದ ಮೇಲೂ ಅನುವಾದಗಳು ಸಬ್‌ವರ್ಷನ್‌ನಲ್ಲೇ ಉಳಿದವು. ಭಾಷೆಗೊಂದು ಫೋಲ್ಡರ್, ನಮ್ಮದರ ಹೆಸರು ಕೆಎನ್. ಅದನ್ನೊಂದೇ ಇಳಿಸಿಕೊಂಡು ಕೂರಬಹುದು. ಆದರೆ ಇಂಗ್ಲಿಷ್ ಮೂಲದಲ್ಲಿ ಒಂದು ವಾಕ್ಯ ಬದಲಾದರೆ ಕನ್ನಡದ ಫೋಲ್ಡರ್‌ನಲ್ಲಿ ಕೂತವರಿಗೆ ತಿಳಿಯುವುದು ಹೇಗೆ? ಅಲ್ಲಿ ಸ್ಕ್ರಿಪ್ಟಿ ಎಂಬ ಸ್ವಯಂಚಾಲಿತ ಕಾರ್ಯಕ್ರಮವಿದೆ. ಅದು ಮೂಲದ ವಾಕ್ಯಗಳನ್ನು ಆಯ್ದು, ಪ್ರತಿ ಭಾಷೆಯ ಕಡತಕ್ಕೂ ಹೊಸದನ್ನು ಸೇರಿಸಿ, ಬದಲಾದ ವಾಕ್ಯದ ಹಳೆಯ ಅನುವಾದಕ್ಕೆ ಇದು ಅನುಮಾನ, ಮತ್ತೆ ನೋಡಿ ಎಂಬ ಗುರುತು ಹಾಕುತ್ತದೆ. ಹೊರಗಿನ ಸುದ್ದಿ ನಮ್ಮ ತುಂಡಿನ ಒಳಕ್ಕೇ ಅಂಚೆಯಂತೆ ಬಂದು ಬೀಳುತ್ತದೆ. ಈ ಅಂಚೆ ಇರುವುದರಿಂದಲೇ ಅಲ್ಲಿ ಒಂದು ಫೋಲ್ಡರ್ ಸಾಕು.

ಅಂಚೆ ಇಲ್ಲದ ಕಡೆ ಸಾಲದು. ನಮ್ಮ ಪಠ್ಯಪುಸ್ತಕಗಳನ್ನೇ ತೆಗೆದುಕೊಳ್ಳಿ. ಕನ್ನಡ ಮಾಧ್ಯಮದ ಗಣಿತ, ವಿಜ್ಞಾನ, ಸಮಾಜದ ಪುಸ್ತಕಗಳು ಅನುವಾದವಾಗಿ ಬರುವಂಥವು. ಇವನ್ನು ಒಂದು ಭಂಡಾರದಲ್ಲಿ ಇಟ್ಟು, ಕನ್ನಡದ ಅನುವಾದಕರಿಗೆ ಕನ್ನಡದ ಫೋಲ್ಡರ್ ಮಾತ್ರ ಕೊಟ್ಟರೆ ಏನಾದೀತು? ಮೂಲದಲ್ಲಿ ಒಂದು ಲೆಕ್ಕದ ಅಂಕಿ ತಿದ್ದಿದ್ದು ಇಲ್ಲಿ ತಿಳಿಯದೆ ಹೋದೀತು. ಮಕ್ಕಳಿಗೆ ಬರುವ ಪ್ರಶ್ನೆ ಮಾತ್ರ ಎಲ್ಲರಿಗೂ ಒಂದೇ. ಆದ್ದರಿಂದ ಕನ್ನಡದ ತುಂಡು ಎಂದರೆ ಕನ್ನಡ, ಅದರ ಮೂಲ, ಎರಡೂ ಬಳಸುವ ಚಿತ್ರಗಳು, ಪದಪಟ್ಟಿ. ಕೆಲಸಕ್ಕೆ ಏನೇನು ಬೇಕೋ ಅದು ಒಂದು ತುಂಡು. ಹುಡುಕಾಟಕ್ಕೂ ಇದೇ ನ್ಯಾಯ. ಒಂದು ಪದ ಎಲ್ಲಿದೆ ಎಂದು ಹುಡುಕಿದಾಗ ಎಲ್ಲೂ ಇಲ್ಲ ಎಂದರೆ ಸುಳ್ಳಾದೀತು. ನಿಮ್ಮಲ್ಲಿರುವ ತುಂಡಿನಲ್ಲಿ ಇಲ್ಲ ಎನ್ನಬೇಕು.

ಆ ತುಂಡು ಯಾವುದು ಎಂದು ನಿರ್ಧರಿಸಬೇಕಾದವರು ಯಾರು? ಈಗ ಗಿಟ್ ಆ ಹೊರೆಯನ್ನು ಹೊಸಬರ ಮೇಲೆ ಹಾಕಿದೆ. ಭಂಡಾರ ಹೇಗಿದೆ ಎಂದೇ ತಿಳಿಯದವರು ಅದರಲ್ಲಿ ತಮಗೆ ಬೇಕಾದ ಫೋಲ್ಡರ್‌ಗಳ ಹೆಸರು ಹೇಳಬೇಕು! ಹಿಂದಿನ ಸಿವಿಎಸ್‌ನಲ್ಲಿ ಮಾಡ್ಯೂಲ್ಸ್ ಎಂಬ ಕಡತವಿತ್ತು. ಭಂಡಾರ ನೋಡಿಕೊಳ್ಳುವವರು ಅದರಲ್ಲಿ ಕೆಲವು ಫೋಲ್ಡರ್‌ಗಳನ್ನು ಒಟ್ಟುಮಾಡಿ ಒಂದು ಹೆಸರಿಡಬಹುದಿತ್ತು, ಬಳಸುವವರು ಆ ಹೆಸರು ಹೇಳಿದರೆ ಸಾಕಿತ್ತು. ಮರ್ಕ್ಯುರಿಯಲ್‌ನ ಸ್ಪಾರ್ಸ್ ವಿಸ್ತರಣೆಯಲ್ಲೂ ಪ್ರೊಫೈಲ್ ಎಂಬ ಹೆಸರಿನಲ್ಲಿ ಇಂಥ ಪಟ್ಟಿಯನ್ನು ಭಂಡಾರದೊಳಗೇ ಇಡಬಹುದು. ಪಟ್ಟಿ ಬದಲಾದರೆ ಎಲ್ಲರಿಗೂ ಬದಲಾಗುತ್ತದೆ. ಗಿಟ್‌ಗೆ ಇದು ಬರಬೇಕು ಎಂಬುದು ನನ್ನ ವಾದ. ಅದು ಬರುವವರೆಗೆ ಭಂಡಾರದ ಮೇಲ್ತುದಿಯಲ್ಲಿ ಒಂದು ಪುಟ್ಟ ಕಡತ ಇಟ್ಟು, ಕನ್ನಡಕ್ಕೆ ಈ ನಾಲ್ಕು ಫೋಲ್ಡರ್, ತೆಲುಗಿಗೆ ಈ ನಾಲ್ಕು, ಉರ್ದುವಿಗೆ ಈ ನಾಲ್ಕು ಎಂದು ಬರೆದರೂ ನಡೆದೀತು. ಕೋನ್ ರೀತಿಯಲ್ಲಿ ಮೇಲ್ತುದಿಯ ಕಡತಗಳು ಹೇಗಿದ್ದರೂ ಎಲ್ಲರ ಕೈಗೂ ಬರುತ್ತವೆ.

ನಮ್ಮ ಶಾಲೆಗಳ ಹಳೆಯ ವಿದ್ಯಾರ್ಥಿಗಳು ಯಾರಾದರೂ ಇದನ್ನು ಓದುತ್ತಿದ್ದು, ಇಂಥ ಭಂಡಾರ ನೋಡಿಕೊಳ್ಳುವ ಕೆಲಸದಲ್ಲಿದ್ದರೆ, ಆ ಪುಟ್ಟ ಕಡತ ಬರೆಯಲು ಎಷ್ಟು ಹೊತ್ತು ಬೇಕಾದೀತು ಎಂದು ಕೆಳಗೆ ಒಂದು ಸಾಲು ಬರೆದು ತಿಳಿಸಿ. ಅರ್ಧ ಗಂಟೆಗಿಂತ ಹೆಚ್ಚು ಬೇಡ ಎಂಬುದು ನನ್ನ ಅಂದಾಜು.